1.4 ಲಕ್ಷದ ಹಳೆ ಸ್ವಿಫ್ಟ್ ಟ್ರ್ಯಾಕಿಗೆ ಸಾಕು: ನನ್ನ ಮೂರು ವರ್ಷದ ಅನುಭವ

ಎಂಟ್ರಿ ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ನಮ್ಮ ನಮ್ಮ ಕಾರನ್ನೇ ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಅಂತಾರೆ. ಹೋದ ಸಲ ಚೆನ್ನೈ ರೇಸ್ ಟ್ರ್ಯಾಕಿನಲ್ಲಿ, ಅಂದರೆ ಇರುಂಗಾಟ್ಟುಕೋಟ್ಟೈನಲ್ಲಿ, ನನ್ನ 2007ರ ಸ್ವಿಫ್ಟ್ 2 ನಿಮಿಷ 24 ಸೆಕೆಂಡಿನ ಆಸುಪಾಸಿಗೆ ಒಂದು ಸುತ್ತು ಮುಗಿಸಿತು. ರೋಡ್ ಟೈರು. ಎಂಜಿನ್ ಒಳಗೆ ಕೈಯೇ ಹಾಕಿಲ್ಲ. ಅವತ್ತು ನನ್ನ ಗುಂಪಿನಲ್ಲಿ ಹನ್ನೊಂದು ಕಾರುಗಳಿದ್ದವು, ನನ್ನದು ಬಿಟ್ಟರೆ ಎಲ್ಲವೂ ನನ್ನದಕ್ಕಿಂತ ಜಾಸ್ತಿ ಬೆಲೆಯವು. ಟೈಮಿನಲ್ಲಿ ನನಗಿಂತ ಮುಂದೆ ಇದ್ದದ್ದು ನಾಲ್ಕೇ. "ಅದನ್ನ ತಗೊಂಡು ಅಲ್ಲಿ ಏನು ಮಾಡ್ತೀಯ, ಸಾಲ ಮಾಡಿಯಾದ್ರೂ ಟರ್ಬೊ ತಗೋ" ಅಂತ ಮೂರು ವರ್ಷದ ಹಿಂದೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ನನಗೂ ಒಂದು ಹಳೆ ಸ್ವಿಫ್ಟ್ ಹುಡುಕಿಕೊಡು ಅಂತ ಫೋನ್ ಮಾಡುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಲ್ಮೆಟ್ಟು, ಟೋ ಹುಕ್ಕು, ಲೈಟಿಗೆ ಟೇಪು ಇವೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಸೋತ ಕಥೆ. ಸ್ವಿಫ್ಟಿಗಿಂತ ಮುಂಚೆ ನನ್ನ ಹತ್ತಿರ ಒಂದು ಹಳೆಯ ಸೆಡಾನ್ ಇತ್ತು. ಯಾವ ಕಂಪನಿ ಅಂತ ಹೇಳುವುದು ಬೇಡ. ನೂರಕ್ಕಿಂತ ಜಾಸ್ತಿ ಕುದುರೆ ಶಕ್ತಿ, ಆ ಎಂಜಿನ್ ಸದ್ದಿಗೇ ಮರುಳಾಗಿ 2.1 ಲಕ್ಷ ಕೊಟ್ಟೆ. ಎರಡನೇ ಸಲ ಟ್ರ್ಯಾಕಿಗೆ ಹೋದಾಗ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಒಳಗಿನ ಸೀಲು, ಹೋಯಿತು. ಬೆಂಗಳೂರಿಗೆ ಹೇರಿಕೊಂಡು ಬರಲು 14 ಸಾವಿರ. ಆಮೇಲೆ ಒಂದು ಸಣ್ಣ ಪಾರ್ಟಿಗೆ ಐದು ವಾರ ಕಾದೆ. ಗ್ಯಾರೇಜಿನವರು ದಿನಾ "ನಾಳೆ ಬರುತ್ತೆ ಸಾರ್" ಅನ್ನೋರು. ಕೊನೆಗೆ 95 ಸಾವಿರಕ್ಕೆ ಮಾರಿದೆ. ಮಾರಿದ ರಾತ್ರಿ ಕೂತು ಲೆಕ್ಕ ಹಾಕಿದೆ. ಹನ್ನೊಂದು ತಿಂಗಳಲ್ಲಿ ಆ ಕಾರು ಟ್ರ್ಯಾಕ್ ಮೇಲೆ ಓಡಿದ್ದು ಎರಡೂ ಕಾಲು ಗಂಟೆ. ಎಂಟ್ರಿ, ಪೆಟ್ರೋಲು, ರಿಪೇರಿ ಎಲ್ಲ ಸೇರಿ ಕಳಕೊಂಡದ್ದು 2.2 ಲಕ್ಷದ ಮೇಲೆ. ಅಂದರೆ ನಿಮಿಷಕ್ಕೆ 1,600 ರೂಪಾಯಿ!

ಆ ಲೆಕ್ಕವೇ ನನ್ನ ಕಣ್ಣು ತೆರೆಸಿತು. ಟ್ರ್ಯಾಕ್ ಡೇಗೆ ಅಂತ ಕಾರು ಹುಡುಕುವವರು ಎಲ್ಲರೂ ಕೇಳುವುದು ಎಷ್ಟು ಪವರ್, ಎಷ್ಟು ಬೆಲೆ ಅಂತ. ನಾನು ಕೇಳುವುದು ಒಂದೇ: ಒಂದು ನಿಮಿಷ ಓಡಿಸಲು ಎಷ್ಟು ಬೀಳುತ್ತೆ? ಅದಕ್ಕೆ ಕಾರು ಹಗುರ ಇರಬೇಕು. ಹಗುರ ಇದ್ದರೆ ಟೈರು, ಬ್ರೇಕು ಎರಡೂ ಉಳಿಯುತ್ತವೆ. ಪಾರ್ಟು ಅವತ್ತೇ ಸಿಗಬೇಕು. ಸಂಜೆ ತಾನೇ ಓಡಿಕೊಂಡು ಮನೆಗೆ ಬರಬೇಕು. ನಮಗೆ ಟ್ರ್ಯಾಕ್ ಪಕ್ಕದ ಬೀದಿಯಲ್ಲಿ ಇಲ್ಲ, ಕೆ.ಆರ್. ಪುರದಿಂದ ಕೋಲಾರ, ಚಿತ್ತೂರು, ರಾಣಿಪೇಟೆ ದಾಟಿ ಹೋದರೆ ಹೆಚ್ಚುಕಮ್ಮಿ 300 ಕಿಲೋಮೀಟರ್.

ಇದರ ಜೊತೆಗೆ ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮ ಸಾಮಾನ್ಯ ಕಾರ್ ಇನ್ಶೂರೆನ್ಸಿನಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಎಲ್ಲ ಹೊರಗೆ. ಗೋಡೆಗೆ ಹೊಡೆದರೆ ಕಾರು ಹೋಯಿತು ಅಂತಲೇ ಲೆಕ್ಕ. ಹತ್ತು ಲಕ್ಷದ ಕಾರಿನ ಕಂತು ಕಟ್ಟುತ್ತಾ ಅಲ್ಲಿಗೆ ಹೋದರೆ ಪ್ರತಿ ಮೂಲೆಯಲ್ಲೂ ಕಂತು ನೆನಪಾಗುತ್ತೆ. ಎದೆ ಗಟ್ಟಿ ಮಾಡಿ ಕೊನೇ ಕ್ಷಣದಲ್ಲಿ ಬ್ರೇಕ್ ಹಿಡಿಯಲು ಆಗಲ್ಲ. 1.4 ಲಕ್ಷದ ಕಾರಿನಲ್ಲಿ ಆಗುತ್ತೆ. ನನ್ನ ಟೈಮು ಇಳಿದದ್ದು ಅರ್ಧ ಇದೇ ಕಾರಣಕ್ಕೆ.

ಸ್ವಿಫ್ಟ್ ಅಂದರೆ 2005ರಲ್ಲಿ ಬಂದ ಮೊದಲ ಮಾದರಿಯ 1.3 ಪೆಟ್ರೋಲ್, 2010ರಲ್ಲಿ 1.2 ಎಂಜಿನ್ ಬರುವುದಕ್ಕೆ ಮುಂಚಿನದು. ಪವರ್ 87, ತೂಕ ಒಂದು ಟನ್ನಿನ ಆಸುಪಾಸು. ಎಂಜಿನ್ ಅದೇ ಹಳೆಯ ಜಿ13 ಕುಟುಂಬ. ಎಸ್ಟೀಮಿನಲ್ಲೂ, ಜಿಪ್ಸಿಯಲ್ಲೂ ಇದ್ದದ್ದು ಅದೇ. ಬೆಂಗಳೂರಿನ ಆಟೊ ಪಾರ್ಟಿನ ಬೀದಿ ಜೆ.ಸಿ. ರೋಡಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೇಳಿದರೆ ಊಟದ ಹೊತ್ತಿಗೆ ಪಾರ್ಟು ಕೈಯಲ್ಲಿರುತ್ತೆ. ಯಾವ ಊರಿನ ಮೆಕ್ಯಾನಿಕ್ಕೂ ಇದನ್ನು ಕಣ್ಣುಮುಚ್ಚಿ ಬಿಚ್ಚುತ್ತಾನೆ.

ಬೆಲೆ ಇಳಿಸಿದ್ದು ಹೇಗೆ ಅಂತ ಹೇಳುತ್ತೇನೆ. 2022ರ ಶುರುವಿನಲ್ಲಿ ನಾನು 2007ರ ಕಾರನ್ನೇ ಹುಡುಕಿದೆ. ಹದಿನೈದು ವರ್ಷ ತುಂಬುತ್ತಾ ಬಂದಿರುತ್ತೆ, ಆರ್‌ಸಿ ರಿನ್ಯೂ ಮಾಡಿಸಬೇಕು, ಮಾಲೀಕರಿಗೆ ಆರ್‌ಟಿಓ ಓಡಾಟ ಬೇಡ. ತುಮಕೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕಾರು ಸಿಕ್ಕಿತು, 86 ಸಾವಿರ ಕಿಲೋಮೀಟರ್ ಓಡಿತ್ತು. 1.75 ಹೇಳಿದರು. ಆರ್‌ಸಿಗೆ ನಾಲ್ಕೇ ತಿಂಗಳು ಉಳಿದಿತ್ತು. 1.4ಕ್ಕೆ ಮುಗಿಯಿತು. ರಿನ್ಯೂ ಮಾಡಿಸಿದಾಗ ಫೀಸು 5,000, ಗ್ರೀನ್ ಟ್ಯಾಕ್ಸ್ ಬೇರೆ, ಓಡಾಟ ಎಲ್ಲ ಸೇರಿ ಹತ್ತು ಸಾವಿರ ಮುಟ್ಟಿರಬೇಕು. ಮುಂದಿನ ಐದು ವರ್ಷಕ್ಕೆ ಚಿಂತೆ ಇಲ್ಲ. ತಂದ ವಾರವೇ ಟೈಮಿಂಗ್ ಬೆಲ್ಟು, ಹೋಸುಗಳು, ಎಂಜಿನ್ ಮೌಂಟು, ಮುಂದಿನ ಬುಷ್ಷು ಬದಲಿಸಿದೆ. 18 ಸಾವಿರ ಆಯಿತು.

ಮೊದಲ ಸಲ ಹೋದಾಗ ಬ್ರೇಕ್ ಕೈಕೊಟ್ಟಿತು. ನಾಲ್ಕನೇ ಸುತ್ತು. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಮೀಟರ್ 145ರ ಹತ್ತಿರ ಇತ್ತು. ಪೆಡಲ್ ಒತ್ತಿದೆ, ಅದು ಸ್ಪಂಜಿನ ಹಾಗೆ ಒಳಗೆ ಹೋಯಿತು, ಕಾರು ಮಾತ್ರ ಓಡುತ್ತಲೇ ಇತ್ತು. ಎರಡು ಸಲ, ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಟಾರು ಮುಗಿದು ಮಣ್ಣಿಗೆ ಇಳಿದಿದ್ದೆ. ಪಿಟ್ಟಿಗೆ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಬಂದು ಇಳಿದರೆ ಮೊಣಕಾಲು ನಡುಗುತ್ತಿತ್ತು, ಮುಂದಿನ ಚಕ್ರದಿಂದ ಸುಟ್ಟ ವಾಸನೆಯ ತೆಳು ಹೊಗೆ ಏಳುತ್ತಿತ್ತು. ತಪ್ಪು ನನ್ನದೇ. ಬೆಲ್ಟು, ಬುಷ್ಷು ಅಂತ ಎಲ್ಲ ಬದಲಿಸಿದವನು ಬ್ರೇಕ್ ಆಯಿಲ್ ಹಳೆಯದನ್ನೇ ಬಿಟ್ಟಿದ್ದೆ. ಡಾಟ್ 4 ಅನ್ನುವ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಮುಟ್ಟುವವರೆಗಾದರೂ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತೆ. ಎಷ್ಟು ವರ್ಷದಿಂದ ಅದರಲ್ಲಿ ನೀರು ಸೇರಿತ್ತೋ ಏನೋ.

ಈಗ ಪ್ರತಿ ಎರಡು ಟ್ರಿಪ್ಪಿಗೊಮ್ಮೆ ಹೊಸ ಡಾಟ್ 4 ಹಾಕಿ ಬ್ಲೀಡ್ ಮಾಡುತ್ತೇನೆ, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುತ್ತೇನೆ. ಪ್ಯಾಡು 3,200ರದ್ದು, ಊರಲ್ಲಿ ತಣ್ಣಗಿದ್ದಾಗ ಕಿರುಚುತ್ತೆ, ಟ್ರ್ಯಾಕಿನಲ್ಲಿ ಚೆನ್ನಾಗಿ ಹಿಡಿಯುತ್ತೆ. ಮುಂದಿನ ಬಂಪರಿನಲ್ಲಿ ಫಾಗ್ ಲ್ಯಾಂಪಿನ ಜಾಗದಿಂದ ಬ್ರೇಕ್ ಡಿಸ್ಕಿನವರೆಗೆ ತಂಪು ಗಾಳಿ ಹೋಗಲಿ ಅಂತ ವಾಷಿಂಗ್ ಮಷೀನಿನ ಪೈಪ್ ಎಳೆದೆ, ಎರಡು ಕಡೆಗೂ ಸೇರಿ 400 ರೂಪಾಯಿ. ಗೆಳೆಯರು ನೋಡಿ ನಕ್ಕರು. ಆಮೇಲೆ ಬ್ರೇಕ್ ಒಂದು ಸಲವೂ ಕುದಿದಿಲ್ಲ. ಹಿಂದೆ ಡ್ರಮ್ಮೇ ಇದೆ, ಡಿಸ್ಕ್ ಹಾಕಿಸು ಅಂತ ಹೇಳುವವರ ಮಾತು ಕೇಳಬೇಡಿ. ಈ ಕಾರಿಗೆ ಅದು ಸುಮ್ನೆ ಖರ್ಚು.

ಟೈರಿನಲ್ಲಿ ನಾನು 42 ಸಾವಿರ ಹಾಳು ಮಾಡಿದೆ. ದಪ್ಪ ಟೈರು ಇದ್ದರೆ ಹಿಡಿತ ಜಾಸ್ತಿ ಅಂತ 16 ಇಂಚಿನ ಅಲಾಯ್, 205ರ ಟೈರು ಹಾಕಿಸಿದೆ. ನೋಡಲು ಸೊಗಸಾಗಿತ್ತು. ಚಕ್ರ ಭಾರ ಆಯಿತು, ಮೂಲೆಯಿಂದ ಹೊರಗೆ ಎಳೆಯಲು 87 ಕುದುರೆಗೆ ಉಸಿರು ಸಾಲಲಿಲ್ಲ, ಒಳಗಿನ ಫೆಂಡರಿಗೆ ಉಜ್ಜುತ್ತಿತ್ತು ಬೇರೆ. ಹಳೆ ಟೈರಿಗಿಂತ ಒಂದು ಸೆಕೆಂಡ್ ನಿಧಾನ. ಅದನ್ನು ಕಿತ್ತು ಮಾರಿ, ಶಿವಾಜಿನಗರದ ಗುಜರಿಯಲ್ಲಿ 14 ಇಂಚಿನ ಹಗುರ ಅಲಾಯ್ ನಾಲ್ಕನ್ನು 9 ಸಾವಿರಕ್ಕೆ ತಂದೆ. ಅದಕ್ಕೆ 185/65 ಟೈರು, ಒಂದಕ್ಕೆ 4,200 ಇರಬೇಕು. ಇಲ್ಲೊಂದು ಒಳ್ಳೆಯದಾಯಿತು. ಕಂಪನಿಯ 165/80 ಟೈರಿಗಿಂತ ಇದರ ಎತ್ತರ 24 ಮಿಲಿಮೀಟರ್ ಕಡಿಮೆ. ಗೇರೆಲ್ಲ ಶೇಕಡಾ 4ರಷ್ಟು ಬಿಗಿಯಾದ ಹಾಗಾಯಿತು. ಮೂರನೇ ಗೇರಿನಲ್ಲಿ ಎಳೆತ ಬೇರೆಯೇ ಆಯಿತು. ಇಷ್ಟನ್ನು ಗೇರ್‌ಬಾಕ್ಸ್ ಬಿಚ್ಚಿ ಮಾಡಿಸಿದರೆ ಎಷ್ಟು ಆಗುತ್ತಿತ್ತು ಲೆಕ್ಕ ಹಾಕಿ.

ಗಾಳಿ ಎಷ್ಟು ಅನ್ನುವುದಕ್ಕೆ ಸೀಮೆಸುಣ್ಣ ಸಾಕು. ಟೈರಿನ ಭುಜದ ಮೇಲೆ ಅಡ್ಡ ಗೆರೆ ಎಳೆಯಿರಿ, ನಾಲ್ಕು ಸುತ್ತು ಹೋಗಿ ಬಂದು ನೋಡಿ. ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಕಮ್ಮಿ, ಭುಜದ ಮೇಲೂ ಗೆರೆ ಉಳಿದಿದ್ದರೆ ಜಾಸ್ತಿ. ಮುಂದೆ ತಣ್ಣಗಿದ್ದಾಗ 28 ಹಾಕಿದರೆ ಬಿಸಿಯಾದಾಗ 34ಕ್ಕೆ ಬರುತ್ತೆ. ಹಿಂದಿನದು ಎಷ್ಟು ಅಂತ ಹೇಳಲ್ಲ. ಮುಂದಿನ ಚಕ್ರದ ಕ್ಯಾಂಬರ್ (ಚಕ್ರದ ಓರೆ) ಎಷ್ಟು ಇಟ್ಟಿದ್ದೇನೆ, ಹೇಗೆ ತಂದೆ ಅನ್ನುವುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾನು ಎರಡು ಸೆಟ್ ಟೈರು ಸವೆಸಿದ್ದೇನೆ.

ನಡುವೆ ತೂಕದ ಹುಚ್ಚು ಹಿಡಿದಿತ್ತು. ಹಿಂದಿನ ಸೀಟು, ಸ್ಟೆಪ್ನಿ, ಜಾಕು, ಸ್ಪೀಕರು ಎಲ್ಲ ತೆಗೆದು ನೆಲಮಂಗಲದ ಹತ್ತಿರ ಲಾರಿ ತೂಗುವ ವೇ ಬ್ರಿಡ್ಜಿಗೆ ಹೋದೆ. ಅಲ್ಲಿನ ಹುಡುಗ ಖಾಲಿ ಕಾರು ಯಾಕೆ ತೂಗ್ತೀರ ಅಂತ ಕೇಳಿದ. ಆ ಕಾಟಾ ತೋರಿಸುವುದೇ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ. ಮುಂಚೆ 1,010, ಆಮೇಲೆ 950. ಅರವತ್ತು ಕಿಲೋ, ಒಂದು ಪೈಸೆ ಖರ್ಚಿಲ್ಲದೆ. ಏರ್ ಫಿಲ್ಟರ್ ತೆಗೆದು ಓಡಿಸಿಯೂ ನೋಡಿದೆ, ಸದ್ದು ಬಂತು, ಟೈಮು ಬರಲಿಲ್ಲ, ವಾಪಸ್ ಹಾಕಿದೆ. ಎಂಜಿನ್ ಆಯಿಲ್ ಮಾತ್ರ ಮೇಲಿನ ಗೆರೆ ಮುಟ್ಟುವಷ್ಟು ತುಂಬಿಸಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತೆ, ಒಂದು ಸಲ ನನಗೆ ಆಯಿಲ್ ಲೈಟ್ ಮಿಣುಕಿತು.

ಕೊಯಮತ್ತೂರಿನ ಕರಿ ಟ್ರ್ಯಾಕಿಗೂ ಮೂರು ಸಲ ಹೋಗಿದ್ದೇನೆ. 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್, ಮೂಲೆಗಳೇ ಜಾಸ್ತಿ. ನನ್ನಂಥ ಕಾರಿಗೆ ಹೇಳಿ ಮಾಡಿಸಿದ್ದು. ಟರ್ಬೊ ಕಾರುಗಳು ಅಲ್ಲಿ ನೇರ ದಾರಿಯಲ್ಲಿ ಕಿತ್ತುಕೊಂಡು ಹೋಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತೆ. ಆ ಟ್ರ್ಯಾಕಿಗೆ ಹೆಸರು ಕೊಟ್ಟ ಕರಿವರ್ಧನ್ ಮಾರುತಿ 800 ಎಂಜಿನ್ ಇಟ್ಟುಕೊಂಡೇ ಫಾರ್ಮುಲಾ ಮಾರುತಿ ಕಾರು ಕಟ್ಟಿದವರು. ಚಿಕ್ಕ ಎಂಜಿನ್ನಿನಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಲೆಕ್ಕ. ಮೂರು ವರ್ಷದಲ್ಲಿ ಹದಿನಾಲ್ಕು ಸಲ, ಒಂದೊಂದು ಸಲಕ್ಕೂ ಸುಮಾರು 80 ನಿಮಿಷ. ಎಂಟ್ರಿ, 60 ಲೀಟರಿನಷ್ಟು ಪೆಟ್ರೋಲು, ಟೋಲು, ಊಟ, ಸವೆತ ಎಲ್ಲ ಸೇರಿ ಒಂದು ಟ್ರಿಪ್ಪಿಗೆ 22 ಸಾವಿರ. ಕಾರು, ರಿಪೇರಿ, ಆ ಹಾಳಾದ 16 ಇಂಚಿನ ಚಕ್ರ ಎಲ್ಲ ಕೂಡಿಸಿದರೂ 5.3 ಲಕ್ಷ ದಾಟಿಲ್ಲ. ನಿಮಿಷಕ್ಕೆ 475 ರೂಪಾಯಿ, ಕಾರು ಇನ್ನೂ ನನ್ನ ಮನೆ ಮುಂದೆ ನಿಂತಿದೆ. ಹದಿನಾಲ್ಕು ಸಲವೂ ತಾನೇ ಓಡಿಕೊಂಡು ಮನೆಗೆ ಬಂದಿದೆ. ಚೆನ್ನೈನಿಂದ ವಾಪಸ್ ಬರುವಾಗ ಮುಳಬಾಗಿಲಿನಲ್ಲಿ ನಿಲ್ಲಿಸಿ ದೋಸೆ ತಿನ್ನುವಷ್ಟು ನೆಮ್ಮದಿ ಇರುತ್ತೆ.

ಭಾನುವಾರ ಹಾಸನಕ್ಕೆ ಹೋಗುತ್ತಿದ್ದೇವೆ, ಸ್ವಿಫ್ಟ್ ಹುಡುಕಿಕೊಡು ಅಂದ ಆ ಇಬ್ಬರಲ್ಲಿ ಒಬ್ಬರಿಗಾಗಿ. 2009ರ ಕಾರು, 1.6 ಹೇಳುತ್ತಿದ್ದಾರೆ. ಮಳೆ ಊರಿನ ಕಾರು, ತುಕ್ಕು ಹಿಡಿದಿರಬಹುದು, ಅದಕ್ಕೇ ಒಂದು ಅಯಸ್ಕಾಂತ, ಟಾರ್ಚು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಅಂಟದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಆಮೇಲೆ ಕಾರ್ಪೆಟ್ ಎತ್ತಿ ನೆಲ ನೋಡಬೇಕು. ಎಂಜಿನ್ ಸ್ಟಾರ್ಟ್ ಮಾಡುವುದು ಕೊನೆಗೆ.