ಡಿಟಿಪಿ ಅಂಗಡಿಯ ಹಳೇ ವಿಂಡೋಸ್ 7 ಮಷಿನ್: ಎಲ್ಲಿ ಕೈ ಹಾಕಬೇಕು, ಎಲ್ಲಿ ಬೇಡ

ದಾವಣಗೆರೆ ಮಂಡಿಪೇಟೆಯಲ್ಲಾಗಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಾಗಲಿ, ಲಗ್ನಪತ್ರಿಕೆ, ಬಿಲ್ ಬುಕ್ ಮಾಡಿಕೊಡುವ ಅಂಗಡಿಯ ಮೂಲೆಯಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿದ್ದರೆ ಆಶ್ಚರ್ಯವಿಲ್ಲ. ಪೇಜ್‌ಮೇಕರ್ 7, ನುಡಿ ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಕೂಡಿಟ್ಟ ಫೈಲುಗಳು, ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದ ಲೇಸರ್ ಪ್ರಿಂಟರ್: ಇವು ಇರುವ ತನಕ ಆ ಮಷಿನ್ನೂ ಇರುತ್ತದೆ. ಅದು ನಿಧಾನವಾದಾಗ ಹೆಚ್ಚಿನವರು ಥೀಮ್ ಬದಲಿಸುತ್ತಾರೆ, ಇಲ್ಲವೇ ಯಾವುದೋ ‘ಸ್ಪೀಡ್ ಅಪ್’ ಸಾಫ್ಟ್‌ವೇರ್ ಹಾಕುತ್ತಾರೆ. ಸಾಯುತ್ತಿರುವ ಹಾರ್ಡ್ ಡಿಸ್ಕು, ಧೂಳು ಮೆತ್ತಿದ ಹೀಟ್‌ಸಿಂಕು ಮಾತ್ರ ಹಾಗೇ ಉಳಿಯುತ್ತವೆ. ಆ ಸಾಫ್ಟ್‌ವೇರ್‌ಗಳನ್ನು ಮೊದಲು ಅನ್‌ಇನ್‌ಸ್ಟಾಲ್ ಮಾಡಿ. ಅವುಗಳಿಂದ ಆಗುವ ಉಪಕಾರಕ್ಕಿಂತ ಅವು ತಿನ್ನುವ ಮೆಮೊರಿಯೇ ಜಾಸ್ತಿ.

ಮೊದಲು ರೋಗ ಯಾವುದು ನೋಡಿ

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿರುವ ರಿಸೋರ್ಸ್ ಮಾನಿಟರ್ ಒತ್ತಿ. ನಂತರ ಎಂದಿನಂತೆ ಕೆಲಸ ಮಾಡುತ್ತ ಹತ್ತು ನಿಮಿಷ ಗಮನಿಸಿ. ಮೆಮೊರಿ ಭಾಗದಲ್ಲಿ ಹಾರ್ಡ್ ಫಾಲ್ಟ್ಸ್ ಸಂಖ್ಯೆ ಇಳಿಯದೆ ಕುಣಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಹಾರ್ಡ್ ಫಾಲ್ಟ್ ಕಡಿಮೆ ಇದ್ದರೂ ಡಿಸ್ಕ್ ಆಕ್ಟಿವ್ ಟೈಮ್ ನೂರಕ್ಕೆ ಅಂಟಿಕೊಂಡಿದ್ದರೆ ಡಿಸ್ಕಿನದೇ ದೋಷ. ಎರಡೂ ಸುಮ್ಮನಿದ್ದು ಸಿಪಿಯು ಮಾತ್ರ ಓಡುತ್ತಿದ್ದರೆ ಯಾವ ಪ್ರೋಗ್ರಾಂ ಎಂದು ಹೆಸರು ಓದಿ.

ಆ ಹೆಸರು ವಿಂಡೋಸ್‌ನ ಒಳಸೇವೆಗಳನ್ನು ನಡೆಸುವ ಎಸ್‌ವಿಸಿಹೋಸ್ಟ್ ಆಗಿದ್ದು, ಸರ್ವಿಸ್ ಪ್ಯಾಕ್ 1 ಹಾಕಿ ಅಲ್ಲಿಗೇ ನಿಲ್ಲಿಸಿದ ಮಷಿನ್ ನಿಮ್ಮದಾಗಿದ್ದರೆ, ಅದು ಬಹುತೇಕ ವಿಂಡೋಸ್ ಅಪ್‌ಡೇಟ್ ಗಂಟೆಗಟ್ಟಲೆ ಹುಡುಕುತ್ತ ಕೂತಿರುವುದು. ಅಪ್‌ಡೇಟನ್ನು ‘ನೆವರ್ ಚೆಕ್’ಗೆ ಇಟ್ಟು ರೀಸ್ಟಾರ್ಟ್ ಮಾಡಿ. 2015ರ ಏಪ್ರಿಲ್‌ನ ಕೆಬಿ3020369 ಎಂಬ ಅಪ್‌ಡೇಟ್ ಮೊದಲು, 2016ರ ಜುಲೈನ ಕೆಬಿ3172605 ಆಮೇಲೆ, ಇದೇ ಕ್ರಮದಲ್ಲಿ ಹಾಕಿ. ಹಿಂದುಮುಂದಾದರೆ ಎರಡನೆಯದು ಕೂರುವುದಿಲ್ಲ.

ಧೂಳು

ಇಲ್ಲಿ ಇದನ್ನು ಹಗುರವಾಗಿ ತಗೊಳ್ಳುವಂತಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆಬೂದಿ, ಮೆಕ್ಕೆಜೋಳದ ಹೊಟ್ಟು, ಬೇಸಿಗೆಯಲ್ಲಿ ದುರ್ಗದ ಕಡೆಯ ಒಣಗಾಳಿ ಎಲ್ಲವೂ ಫ್ಯಾನಿನ ಕೆಳಗೆ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ಶಾಖ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚುರುಕು, ಮಧ್ಯಾಹ್ನ ಎರಡರ ಮೇಲೆ ಮಂಕು ಎಂದರೆ ಇದೇ ಕಾರಣ ಇರಬಹುದು.

ಪ್ಲಗ್ ಕಿತ್ತು ಡಬ್ಬಿ ಬಿಚ್ಚಿ. ಬ್ಲೋಯರ್ ಬಿಡುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಂದ ಹಿಡಿದಿರಿ. ಗಾಳಿಯ ರಭಸಕ್ಕೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೋರ್ 2 ಡ್ಯುಯೋ ಕಾಲದ ಇಂಟೆಲ್ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಪ್ರತಿಯೊಂದನ್ನೂ ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಒಣಗಿದ ಹಳೇ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ನಡುವೆ ಒಂದು ಜೋಳದ ಕಾಳಿನಷ್ಟು ಮಾತ್ರ ಇಡಿ. ಪಿನ್ ಹಾಕುವಾಗ ಎದುರುಬದುರು ಮೂಲೆಗಳನ್ನು ಒತ್ತಿ, ‘ಟಕ್’ ಎಂಬ ಸದ್ದು ನಾಲ್ಕೂ ಕಡೆ ಕೇಳಿತೇ ನೋಡಿ. ಒಂದು ಪಿನ್ ಸಡಿಲವಿದ್ದರೂ ಮಷಿನ್ ಆನ್ ಆಗಿ ಸ್ವಲ್ಪ ಹೊತ್ತಿಗೆ ಆಫ್ ಆಗಬಹುದು.

ಡಬ್ಬಿ ಬಿಚ್ಚಿದಾಗಲೇ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ. ತಾರೀಕು ಹಿಂದಕ್ಕೆ ಜಾರಿದರೆ ವೆಬ್‌ಸೈಟುಗಳು ಸರ್ಟಿಫಿಕೇಟ್ ದೋಷ ತೋರಿಸುತ್ತವೆ, ತಪ್ಪು ಇಂಟರ್ನೆಟ್‌ದು ಎಂದುಕೊಂಡು ಸುಮ್ಮನೆ ಓಡಾಡಬೇಕಾಗುತ್ತದೆ.

ಡಿಸ್ಕ್ ಮತ್ತು ರ‍್ಯಾಮ್

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ, ಕೆಟ್ಟ ಜಾಗಗಳ ಲೆಕ್ಕ ಕೊಡುವ 05, ಸಿ5, ಸಿ6 ಸಾಲುಗಳ ರಾ ವ್ಯಾಲ್ಯೂ ನೋಡಿ. ಸಿ5 ಸೊನ್ನೆ ಅಲ್ಲದಿದ್ದರೆ ಬೇರೆ ಕೆಲಸ ನಿಲ್ಲಿಸಿ ಮೊದಲು ಫೈಲುಗಳನ್ನು ಬೇರೆಡೆಗೆ ನಕಲು ಮಾಡಿ, ಡಿಫ್ರ್ಯಾಗ್ ಅಂತೂ ಬೇಡವೇ ಬೇಡ. ಸಿ7 (ಮಾಹಿತಿ ಸಾಗುವಾಗ ಆದ ದೋಷಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿರಬಹುದು, ಸಾಟಾ ಕೇಬಲ್ ಬದಲಿಸಿ. ಇಂಥ ದೋಷಗಳು ಪದೇ ಪದೇ ಬಂದರೆ ಐಡಿಇ ಎಂಬ ಹಳೇ ಡಿಸ್ಕ್ ಮೋಡ್‌ನಲ್ಲಿರುವ ವಿಂಡೋಸ್, ಡಿಸ್ಕನ್ನು ವೇಗದ ಡಿಎಂಎಯಿಂದ ನಿಧಾನದ ಪಿಐಒ ಮೋಡಿಗೆ ಇಳಿಸಿಬಿಡುತ್ತದೆ. ಆಗ ಹಾಡು ಕೇಳಿದರೂ ಮೌಸ್ ತೊದಲುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಎಟಿಎ ಚಾನೆಲ್ಲಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. ಪಿಐಒ ಎಂದಿದ್ದರೆ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ.

ದುಡ್ಡು ಹಾಕುವುದಾದರೆ ಎಸ್‌ಎಸ್‌ಡಿಗೆ ಹಾಕಿ. ಹಳೇ ಬೋರ್ಡಿನ ಸಾಟಾ 2 ಕೂಡ ಸಾಕು, ಏಕೆಂದರೆ ಲಾಭ ಬರುವುದು ಚಿಕ್ಕಚಿಕ್ಕ ಫೈಲುಗಳನ್ನು ತಕ್ಷಣ ಹುಡುಕುವುದರಿಂದ. ಇಡೀ ಡಿಸ್ಕನ್ನು ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುವವರು ಒಂದು ಲೆಕ್ಕ ನೆನಪಿಡಿ: 500 ಜಿಬಿ ಡಿಸ್ಕನ್ನು 480 ಜಿಬಿ ಎಸ್‌ಎಸ್‌ಡಿಗೆ ಇಳಿಸಲು ಅದು ಮಾಮೂಲಿಯಾಗಿ ಒಪ್ಪುವುದಿಲ್ಲ, 512ರದ್ದನ್ನೇ ತನ್ನಿ. ನಕಲಾದ ಮೇಲೆ ಹಳೇ ಡಿಸ್ಕಿನ ಕೇಬಲ್ ತೆಗೆದು ಮೊದಲ ಸಲ ಬೂಟ್ ಮಾಡಿ. ಎರಡೂ ಒಟ್ಟಿಗಿದ್ದರೆ ಡಿಸ್ಕ್ ಗುರುತು ಒಂದೇ ಆಗಿ ಡ್ರೈವ್ ಅಕ್ಷರಗಳು ಅದಲುಬದಲಾಗಬಹುದು. ಬಯೋಸ್‌ನಲ್ಲಿ ಐಡಿಇಯನ್ನು ಎಎಚ್‌ಸಿಐ ಎಂಬ ಹೊಸ ಮೋಡಿಗೆ ಏಕಾಏಕಿ ತಿರುಗಿಸಿದರೆ 7ಬಿ ಸಂಖ್ಯೆಯ ನೀಲಿ ಪರದೆ ಗ್ಯಾರಂಟಿ. ಅದಕ್ಕೂ ಮೊದಲೇ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಸರ್ವಿಸ್‌ನ ಸ್ಟಾರ್ಟ್ ಬೆಲೆಯನ್ನು 0 ಮಾಡಿರಬೇಕು.

ರ‍್ಯಾಮ್ ವಿಷಯ ಸುಲಭ, ಆದರೆ ಒಂದು ತೊಡಕಿದೆ. ಡಿಡಿಆರ್3 ಇರುವ ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡಿಗೆ 4 ಜಿಬಿ ಪಟ್ಟಿ ತರುವಾಗ ಎರಡೂ ಬದಿ ಸೇರಿ 16 ಚಿಪ್ ಇರುವುದನ್ನೇ ಆರಿಸಿ. 8 ಚಿಪ್ಪಿನದನ್ನು ಆ ಚಿಪ್‌ಸೆಟ್ ಓದುವುದಿಲ್ಲ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿ ಮೇಲೆ ಹಾಕಿದ್ದು ದಂಡ. 64 ಬಿಟ್‌ಗೆ ಹೋಗಲು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು, ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಇದೆಯೇ ಎಂದು ಅದಕ್ಕೆ ಮೊದಲೇ ನೋಡಿಕೊಳ್ಳಿ.

ಫಾಂಟುಗಳ ಹೊರೆ

ಡಿಟಿಪಿ ಮಷಿನ್‌ಗೆ ಇದೇ ವಿಶೇಷ ಕಾಯಿಲೆ. ಯಾರೋ ಸಿಡಿಯಲ್ಲಿ ಕೊಟ್ಟ ಸಾವಿರಾರು ಫಾಂಟುಗಳನ್ನು ಒಟ್ಟಿಗೆ ಇನ್‌ಸ್ಟಾಲ್ ಮಾಡಿಟ್ಟರೆ ಪೇಜ್‌ಮೇಕರ್, ಕೋರೆಲ್‌ಡ್ರಾ ತೆರೆದುಕೊಳ್ಳಲೇ ಏದುಸಿರು ಬಿಡುತ್ತವೆ. ಫಾಂಟ್ಸ್ ಫೋಲ್ಡರಿನಲ್ಲಿರುವ ಎಲ್ಲವನ್ನೂ ಡಿ ಡ್ರೈವಿನ ಒಂದು ಫೋಲ್ಡರಿಗೆ ನಕಲು ಮಾಡಿ. ಆಮೇಲೆ ವರ್ಷದಿಂದ ಮುಟ್ಟದ ಇಂಗ್ಲಿಷ್ ಅಲಂಕಾರದ ಫಾಂಟುಗಳನ್ನು ತೆಗೆಯಿರಿ. ‘ಹೈಡ್’ ಮಾಡಿದರೆ ಪಟ್ಟಿಯಿಂದ ಮರೆಯಾಗುತ್ತದಷ್ಟೇ, ಫಾಂಟ್ ಇನ್‌ಸ್ಟಾಲ್ ಆಗಿಯೇ ಇರುತ್ತದೆ. ಡಿಲೀಟೇ ಮಾಡಬೇಕು. ನುಡಿಯ ಫಾಂಟು, ವಿಂಡೋಸ್‌ನದೇ ಆದ ತುಂಗಾ, ಏರಿಯಲ್, ಟಹೋಮಾ, ಸೆಗೋ ಇವುಗಳ ತಂಟೆಗೆ ಹೋಗಬೇಡಿ.

ಹಳೇ ಫೈಲ್ ತೆರೆದಾಗ ಪೇಜ್‌ಮೇಕರ್ ಫಾಂಟ್ ಇಲ್ಲವೆಂದು ಬೇರೊಂದನ್ನು ಸೂಚಿಸಿದರೆ ಒಪ್ಪಬೇಡಿ. ಆಸ್ಕಿ ಕನ್ನಡ ಬೇರೆ ಫಾಂಟಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಸೇವ್ ಮಾಡದೆ ಮುಚ್ಚಿ, ಡಿ ಡ್ರೈವಿನಿಂದ ಆ ಫಾಂಟ್ ವಾಪಸ್ ಹಾಕಿ, ಮತ್ತೆ ತೆರೆಯಿರಿ.

ಇನ್ನು ವಿಂಡೋಸ್ ಒಳಗಿನದು

ಕಂಪ್ಯೂಟರ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್‌ನಲ್ಲಿ ‘ಬೆಸ್ಟ್ ಪರ್ಫಾರ್ಮೆನ್ಸ್’ ಆರಿಸಿದರೆ ಎಲ್ಲ ಟಿಕ್‌ಗಳೂ ಹೋಗುತ್ತವೆ, ಅದರ ಜೊತೆ ಅಕ್ಷರಗಳ ನುಣುಪೂ ಹೋಗಿ ಒತ್ತಕ್ಷರಗಳು ಮುರಿದಂತೆ ಕಾಣುತ್ತವೆ. ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’ ಒಂದನ್ನು ಮತ್ತೆ ಟಿಕ್ ಮಾಡಿ. ಕಿಟಕಿಗಳು ಬೋಳಾಗಿ ಕಂಡು ಬೇಸರವಾದರೆ ‘ವಿಷುವಲ್ ಸ್ಟೈಲ್ಸ್’ ಕೂಡ ಇರಲಿ, ಅದರ ಭಾರ ಹೆಚ್ಚಿಲ್ಲ.

ಎಂಎಸ್‌ಕಾನ್ಫಿಗ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಅಪ್‌ಡೇಟರ್, ಮೆಸೆಂಜರ್, ಮೊಬೈಲ್ ಸಿಂಕ್ ಇಂಥವುಗಳ ಟಿಕ್ ತೆಗೆಯಿರಿ. ಆಂಟಿವೈರಸ್, ಸೌಂಡ್ ಡ್ರೈವರ್, ನುಡಿ ಕೀಬೋರ್ಡ್ ಇರಲಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ಕಿತ್ತುಹಾಕಿ. ಬೂಟ್ ಟ್ಯಾಬಿನಲ್ಲಿ ಪ್ರೊಸೆಸರ್ ಸಂಖ್ಯೆ ಏರಿಸುವ ಉಪಾಯ ಎಲ್ಲೆಲ್ಲೂ ಹರಿದಾಡುತ್ತದೆ, ಅದರಿಂದ ಏನೂ ಆಗುವುದಿಲ್ಲ. ಪಕ್ಕದ ಮ್ಯಾಕ್ಸಿಮಮ್ ಮೆಮೊರಿಯಲ್ಲಿ ತಪ್ಪು ಅಂಕಿ ಬಿದ್ದರೆ ಇದ್ದ ರ‍್ಯಾಮೂ ಕಳೆದುಹೋಗುತ್ತದೆ.

ಸಿ ಡ್ರೈವ್ ತುಂಬಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು (powercfg -h off) ಕೊಡಿ. ಹೈಬರ್ನೇಷನ್ ಫೈಲ್ ಹೋಗಿ ರ‍್ಯಾಮಿನ ಮುಕ್ಕಾಲು ಭಾಗದಷ್ಟು ಜಾಗ ಸಿಗುತ್ತದೆ. ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್ ಫೈಲ್ ಮುಟ್ಟಬೇಡಿ.

ಡಿಸ್ಕ್ ಪ್ರಾಪರ್ಟೀಸ್‌ನ ಪಾಲಿಸೀಸ್‌ನಲ್ಲಿ ‘ರೈಟ್ ಕ್ಯಾಷ್ ಬಫರ್ ಫ್ಲಷಿಂಗ್’ ಆಫ್ ಮಾಡಿ ಎಂಬ ಸಲಹೆಯನ್ನೂ ಕೇಳಿರುತ್ತೀರಿ. ಬೆಸ್ಕಾಂ ಕರೆಂಟ್ ಹೇಳದೆ ಹೋಗುವ ಕಡೆ, ಯುಪಿಎಸ್ ಬ್ಯಾಟರಿಯೂ ಬಡವಾಗಿದ್ದರೆ, ಇದು ಫೈಲ್ ಕಳೆದುಕೊಳ್ಳುವ ದಾರಿ. ಸಿಗುವ ವೇಗ ಕಣ್ಣಿಗೂ ಕಾಣದು. ಅದರ ಬದಲು ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಬದಲಿಸಿ.

ಗಿರಾಕಿಗಳ ಪೆನ್‌ಡ್ರೈವ್ ದಿನವೂ ಬರುವುದರಿಂದ ಕಂಟ್ರೋಲ್ ಪ್ಯಾನಲ್‌ನ ಆಟೊಪ್ಲೇ ಪೂರ್ತಿ ಆಫ್ ಮಾಡಿ. ವಿಂಡೋಸ್ 7ಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ರಂದು. ಕ್ರೋಮ್ ಕೂಡ 109ನೇ ಆವೃತ್ತಿಗೆ ನಿಂತಿದೆ. ಪಹಣಿ ತೆಗೆಯುವುದು, ಸೇವಾ ಸಿಂಧು ಅರ್ಜಿ, ಬ್ಯಾಂಕ್ ಕೆಲಸಗಳನ್ನು ಬೇರೆ ಮಷಿನ್‌ನಲ್ಲಿ ಮಾಡಿ. ಈ ಹಳೇ ಮಷಿನ್‌ಗೆ ನೆಟ್ ಬೇಕೇ ಬೇಕೆಂದರೆ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತಿಡಿ.