ಕಸ ಗುಡಿಸುವ ರೋಬೋಟ್ ವರ್ಷಗಟ್ಟಲೆ ಬಾಳಬೇಕೆಂದರೆ

ರೋಬೋಟ್ ವ್ಯಾಕ್ಯೂಮ್ ಕೆಟ್ಟಿತೆಂದರೆ ಒಳಗಿನ ಸರ್ಕ್ಯೂಟ್ ಸುಟ್ಟಿರಬೇಕು ಎಂದೇ ಬಹಳ ಮಂದಿ ಅಂದುಕೊಳ್ಳುತ್ತಾರೆ. ತಿರುಗಿಸಿ ಹಾಕಿ ನೋಡಿದರೆ ಅನೇಕ ಸಲ ಸಿಗುವುದು ಒಂದು ಹಿಡಿ ಕೂದಲು. ದೊಡ್ಡ ಬ್ರಷ್ಷಿನ ನಡುವೆ ಸುತ್ತಿಕೊಂಡ ಕೂದಲು ಕಣ್ಣಿಗೆ ಬೀಳುತ್ತದೆ, ಅದನ್ನು ಎಲ್ಲರೂ ತೆಗೆಯುತ್ತಾರೆ. ಯಂತ್ರದ ಆಯಸ್ಸು ತಿನ್ನುವುದು ಬ್ರಷ್ಷಿನ ಎರಡು ತುದಿಗಳಲ್ಲಿ ಬೇರಿಂಗಿನ ಸುತ್ತ ಬಿಗಿದು ಕೂತದ್ದು. ಅದು ಉಜ್ಜಿ ಉಜ್ಜಿ ಬಿಸಿಯಾಗಿ ಪ್ಲಾಸ್ಟಿಕ್ ತುದಿ ಕರಗುವುದೂ ಉಂಟು. ಬ್ರಷ್ ಬಿಗಿಯಾದಷ್ಟೂ ಮೋಟಾರಿನ ಮೇಲೆ ಭಾರ, ಬ್ಯಾಟರಿ ಬೇಗ ಖಾಲಿ.

ಹಾಗಾಗಿ ವಾರಕ್ಕೊಮ್ಮೆ ಹತ್ತು ನಿಮಿಷ ಎತ್ತಿಡಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಎರಡು ಸಲ ಬೇಕು. ಮೊದಲು ಸ್ವಿಚ್ ಆಫ್ ಮಾಡಿ, ಮೆತ್ತನೆಯ ಟವೆಲ್ ಹಾಸಿ ಮಗುಚಿ. ಮೇಲೆ ತಿರುಗುವ ಲೇಸರ್ ಗುಬುಟು ಇರುವ ಮಾದರಿಗೆ ಟವೆಲ್ ಇಲ್ಲದೆ ಆಗದು. ಬ್ರಷ್ಷಿನ ಮುಚ್ಚಳದ ಕ್ಲಿಪ್ ಒತ್ತಿ ಬ್ರಷ್ ಹೊರತೆಗೆಯಿರಿ. ತುದಿಯ ಟೋಪಿ ಎಳೆದರೆ ಬರುವ ಹಾಗಿದ್ದರೆ ಅದನ್ನೂ ತೆಗೆದು, ಹೊಲಿಗೆ ಬಿಚ್ಚುವ ಚಿಕ್ಕ ಕೊಕ್ಕೆಯಿಂದ ಕೂದಲನ್ನು ಉದ್ದಕ್ಕೆ ಸೀಳಿ ಎಳೆಯಿರಿ. ಚೌಕ ತುದಿ ಯಾವ ಕಡೆ ಕೂರುತ್ತದೆಂದು ನೋಡಿಟ್ಟುಕೊಳ್ಳಿ. ಬೇರಿಂಗಿಗೆ ಎಣ್ಣೆ ಬಿಡುವ ಆಸೆ ಬೇಡ. ಎಣ್ಣೆಗೆ ಧೂಳು ಸೇರಿದರೆ ಅರೆಯುವ ಹಿಟ್ಟಾಗುತ್ತದೆ.

ಪಕ್ಕದ ಚಿಕ್ಕ ಬ್ರಷ್ ಸಾಮಾನ್ಯವಾಗಿ ಒಂದೇ ಸ್ಕ್ರೂ ಮೇಲೆ ನಿಂತಿರುತ್ತದೆ. ಅದರಡಿ ಕೂದಲು ತುಂಬಿದರೆ ನಿಧಾನವಾಗಿ ಗೇರಿನೊಳಕ್ಕೆ ಇಳಿಯುತ್ತದೆ. ಟಕ್ ಟಕ್ ಸದ್ದು ಬಂತೆಂದರೆ ತಡ ಮಾಡಬೇಡಿ. ಬಾಗಿದ ಎಳೆಗಳನ್ನು ಕೆಲವು ಸೆಕೆಂಡು ಬಿಸಿನೀರಲ್ಲಿ ಅದ್ದಿದರೆ ನೆಟ್ಟಗಾಗುತ್ತವೆ. ಇನ್ನು ಯಾರೂ ಮುಟ್ಟಿ ನೋಡದ ಭಾಗವೆಂದರೆ ಮುಂದಿನ ಪುಟ್ಟ ಚಕ್ರ. ಬಹುಪಾಲು ಯಂತ್ರಗಳಲ್ಲಿ ಅದು ನೇರ ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಅದರ ಅಚ್ಚಿಗೆ ಕೂದಲು ಸುತ್ತಿಕೊಂಡು ಚಕ್ರ ತಿರುಗದೇ ಹೋದರೆ ಯಂತ್ರ ಸೊಟ್ಟ ಹೋಗುತ್ತದೆ, ನೆಲದ ಮೇಲೆ ಗೀರು ಬೀಳುತ್ತದೆ.

ಕಸ ಎಳೆಯುವ ಶಕ್ತಿ ಕಡಿಮೆಯಾಯಿತೆಂದು ದೂರುವ ಮುಂಚೆ ಫಿಲ್ಟರ್ ನೋಡಿ. ಡಬ್ಬಿ ಖಾಲಿ ಮಾಡುವಾಗಲೆಲ್ಲ ಅದನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ತೊಳೆಯಬಹುದು ಎಂದು ಕೈಪಿಡಿಯಲ್ಲಿ ಇದ್ದರೆ ಮಾತ್ರ ತೊಳೆಯಿರಿ; ಆಮೇಲೆ ಪೂರ್ತಿ 24 ಗಂಟೆ ನೆರಳಲ್ಲಿ ಒಣಗಲಿ. ಹಸಿ ಫಿಲ್ಟರ್ ಹಾಕಿದರೆ ಮುಗ್ಗಲು ವಾಸನೆ ಬರುವುದಲ್ಲದೆ ಆ ತೇವ ಫ್ಯಾನಿನ ಮೋಟಾರಿಗೆ ಹೋಗುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು ಒಂದಾದ ಮೇಲೊಂದು ಬಳಸಿದರೆ ಈ ಅವಸರವೇ ಇರದು. ಮೂರರಿಂದ ಆರು ತಿಂಗಳಿಗೆ ಹೊಸದು ಹಾಕಬೇಕು. ಗೋಡೆ ಕೊರೆದ ಪುಡಿ, ಸಿಮೆಂಟ್, ಬೂದಿ, ಚೆಲ್ಲಿದ ಹಿಟ್ಟು, ಇವನ್ನು ಪೊರಕೆಯಲ್ಲೇ ತೆಗೆಯಿರಿ. ಅಷ್ಟು ನುಣುಪು ಪುಡಿ ಫಿಲ್ಟರನ್ನು ಒಂದೇ ದಿನಕ್ಕೆ ಕಟ್ಟಿಬಿಡುತ್ತದೆ.

ಸಮ ನೆಲದಲ್ಲೂ ಯಂತ್ರ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದೆಯೇ? ಅಡಿಯಲ್ಲಿರುವ ಮೆಟ್ಟಿಲು ಗುರುತಿಸುವ ಸೆನ್ಸರ್‌ಗಳಿಗೆ ಧೂಳು ಹಿಡಿದಿರಬೇಕು, ಒಣ ಬಟ್ಟೆಯಲ್ಲಿ ಒರೆಸಿ. ಕಪ್ಪು ಜಮಖಾನದ ಅಂಚಿಗೆ ಬಂದು ನಿಂತರೆ ಅದು ಕೆಟ್ಟದ್ದಲ್ಲ. ಕಪ್ಪು ಬಣ್ಣ ಇನ್‌ಫ್ರಾರೆಡ್ ಬೆಳಕನ್ನು ನುಂಗುವುದರಿಂದ ಅದಕ್ಕೆ ಅಲ್ಲಿ ಹಳ್ಳ ಇದ್ದ ಹಾಗೆ ತೋರುತ್ತದೆ. ಏನೂ ತಾಗದೆಯೇ ನಿಂತಲ್ಲೇ ಗಿರಗಿರನೆ ಸುತ್ತುತ್ತಿದ್ದರೆ ಮುಂದಿನ ಬಂಪರಿನ ಸಂದಿಯಲ್ಲಿ ಹರಳೋ ಕಾಳೋ ಸಿಕ್ಕಿಕೊಂಡಿರಬಹುದು. ಸುತ್ತಲೂ ಬೆರಳಲ್ಲಿ ಒತ್ತಿ ಬಿಡಿ, ಎಲ್ಲ ಕಡೆ ಚಿಮ್ಮಿ ವಾಪಸು ಬರಬೇಕು.

ಬ್ಯಾಟರಿಯ ಮಾತಿಗೆ ಬಂದರೆ, ಚಾರ್ಜ್ ಆಗುತ್ತಿಲ್ಲ ಎಂದ ಕೂಡಲೇ ಹೊಸದು ತರಿಸಬೇಡಿ. ಯಂತ್ರದ ಅಡಿಯಲ್ಲೂ ಅದು ಚಾರ್ಜ್ ಆಗಲು ಹೋಗಿ ನಿಲ್ಲುವ ಡಾಕ್‌ನಲ್ಲೂ ಇರುವ ಲೋಹದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಮಾಪ್ ಬಟ್ಟೆಯ ತೇವಕ್ಕೆ ಅವು ಮಂಕಾಗಿರುತ್ತವೆ. ಲಿಥಿಯಂ ಅಯಾನ್ ಬ್ಯಾಟರಿ ಸುಮಾರು 300ರಿಂದ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಇಳಿಮುಖವಾಗುವುದು ಸಹಜ. ದಿನಾ ಓಡಿಸಿದರೂ ಪ್ರತಿ ಸಲ ಪೂರ್ತಿ ಚಾರ್ಜ್ ಖರ್ಚಾಗದಿದ್ದರೆ ಎರಡು ಮೂರು ವರ್ಷಕ್ಕೆ ಆ ಘಟ್ಟ ಬರುತ್ತದೆ. ಮೊದಲು 90 ನಿಮಿಷ ಓಡುತ್ತಿದ್ದದ್ದು ಈಗ 45ಕ್ಕೆ ಮರಳುತ್ತಿದ್ದರೆ, ಬ್ರಷ್ ಸಲೀಸಾಗಿ ತಿರುಗುತ್ತಿದೆಯೆಂದು ಖಾತ್ರಿ ಮಾಡಿಕೊಂಡು ಬ್ಯಾಟರಿ ಬದಲಿಸಿ. ಅನೇಕ ಮಾದರಿಗಳಲ್ಲಿ ಕೆಲವು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ ಕೆಲಸ. ಹಳೆಯದರ ಚೀಟಿಯಲ್ಲಿರುವ ವೋಲ್ಟ್ (ಸಾಮಾನ್ಯವಾಗಿ 14.4), ಕನೆಕ್ಟರಿನ ಆಕಾರ, ತಂತಿಗಳ ಎಣಿಕೆ ಮೂರೂ ಹೊಂದಬೇಕು. ಅದೇ ಗಾತ್ರದಲ್ಲಿ ದುಪ್ಪಟ್ಟು ಸಾಮರ್ಥ್ಯ ಎಂದು ಬರೆದ ಅಗ್ಗದ ಬ್ಯಾಟರಿಯನ್ನು ನಂಬಬೇಡಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ದಿನವೂ ಬಳಸುವಂತಿಲ್ಲ.

ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವೆಂದರೆ ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜ್ ಉಳಿಸಿ ಆಫ್ ಮಾಡಿ ತಂಪಾದ ಜಾಗದಲ್ಲಿಡಿ. ಬ್ಯಾಟರಿ ಪೂರ್ತಿ ಬರಿದಾಗಿ ಬಿದ್ದಿದ್ದರೆ ಅದರೊಳಗಿನ ರಕ್ಷಣೆಯ ಸರ್ಕ್ಯೂಟ್ ಮತ್ತೆ ಚಾರ್ಜ್ ತೆಗೆದುಕೊಳ್ಳಲು ಒಪ್ಪದೇ ಹೋಗಬಹುದು.

ಒರೆಸುವ ಸೌಲಭ್ಯವೂ ಇದ್ದರೆ ಕೆಲಸ ಮುಗಿದ ಕೂಡಲೇ ಬಟ್ಟೆ ಬಿಚ್ಚಿ, ಟ್ಯಾಂಕಿನ ನೀರು ಚೆಲ್ಲಿ. ಗಡಸು ನೀರಿನ ಬಿಳಿ ಪದರ ತೂತುಗಳನ್ನು ಮುಚ್ಚುತ್ತದೆ, ಆರ್‌ಓ ನೀರು ಇಲ್ಲವೇ ಬಟ್ಟಿ ಇಳಿಸಿದ ನೀರೇ ಒಳ್ಳೆಯದು. ತಯಾರಕರು ಹೇಳದ ಯಾವ ದ್ರಾವಣವನ್ನೂ ಅದಕ್ಕೆ ಸುರಿಯಬೇಡಿ.

ಇನ್ನೂ ಕೊಳ್ಳದೇ ಇರುವವರು ಕಸ ಎಳೆಯುವ ಶಕ್ತಿಯ ದೊಡ್ಡ ದೊಡ್ಡ ಅಂಕಿಗಳಿಗೆ ಮರುಳಾಗುವ ಬದಲು ಬ್ರಷ್, ಫಿಲ್ಟರ್, ಬ್ಯಾಟರಿ, ಚಕ್ರ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ. ಆ್ಯಪ್ ಇಲ್ಲದೆ ಮೇಲಿನ ಬಟನ್ ಒತ್ತಿದರೆ ಕೆಲಸ ಶುರು ಮಾಡುತ್ತದೆಯೇ ಎಂಬುದನ್ನೂ ನೋಡಿ. ಇಂಥ ರೋಬೋಟ್‌ಗಳಿಗೆ ಹೆಸರು ಮಾಡಿದ್ದ ನೀಟೋ ಕಂಪನಿಯೇ 2023ರಲ್ಲಿ ಬಾಗಿಲು ಹಾಕಿತು. ಕಂಪನಿಯ ಸರ್ವರ್ ನಿಂತ ದಿನ ಆ್ಯಪ್ ಮಲಗುತ್ತದೆ, ಬಟನ್ ಮಲಗುವುದಿಲ್ಲ. ಕೊಂಡ ಮೇಲೆ ಮಂಚ, ಸೋಫಾಗಳ ಅಡಿಯ ಎತ್ತರ ಅಳೆಯಿರಿ. ಯಂತ್ರದ ಎತ್ತರಕ್ಕಿಂತ ಒಂದು ಸೆಂಟಿಮೀಟರ್ ಆದರೂ ಹೆಚ್ಚಿಗೆ ಇರದಿದ್ದರೆ ಲೇಸರ್ ಗುಬುಟು ದಿನಾ ಅಲ್ಲಿ ತಾಗುತ್ತಿರುತ್ತದೆ. ಅಂಥ ಜಾಗಕ್ಕೆ ಆ್ಯಪ್‌ನ ನಕ್ಷೆಯಲ್ಲಿ ಗೆರೆ ಎಳೆದು ಪ್ರವೇಶ ತಪ್ಪಿಸಿ.