ಹೋದ ಪರಿಮಳ ವಾಪಸ್ ತಂದ್ಕೊಂಡಿದ್ದು ಹೀಗೆ

ನಾನು ಸಕಲೇಶಪುರದ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ. ಮೆದುಳು, ನರಕೋಶ, ನ್ಯೂರೋಟ್ರಾನ್ಸ್‌ಮಿಟರ್, ಇಂದ್ರಿಯಗಳು, ಗ್ರಹಿಕೆ ಎಲ್ಲಾ ನನ್ನ ಪಾಲಿಗೇ ಬರೋದು. ಕಣ್ಣಿಗೆ ಎರಡು ಕ್ಲಾಸ್, ಕಿವಿಗೆ ಒಂದು, ಮೂಗಿಗೆ ಕೊನೇ ಹತ್ತು ನಿಮಿಷ ಅಂತ ವರ್ಷಾನುಗಟ್ಟಲೆ ನಡೆಸ್ಕೊಂಡು ಬಂದಿದ್ದೆ, ಪರೀಕ್ಷೇಲೂ ಮೂಗಿನ ಮೇಲೆ ಪ್ರಶ್ನೆ ಬರೋದು ಕಡ್ಮೆ. 2021ರ ಮೇ ತಿಂಗಳಲ್ಲಿ ಕೋವಿಡ್ ಬಂತು, ನಾಲ್ಕನೇ ದಿನ ಬೆಳಿಗ್ಗೆ ಮುಖ ತೊಳೀವಾಗ ಸೋಪಿಗೆ ಪರಿಮಳ ಇಲ್ಲ, ಸೋಪೇ ಕೆಟ್ಟಿರ್ಬೇಕು ಅಂದ್ಕೊಂಡು ಇನ್ನೊಂದು ತೆಗ್ದೆ, ಅದಕ್ಕೂ ಇಲ್ಲ.

ಜ್ವರ ಒಂದು ವಾರಕ್ಕೆ ಹೋಯ್ತು, ಪರಿಮಳ ಮಾತ್ರ ಬರ್ಲಿಲ್ಲ. ಹುಳಿ ಊಟ ಮಾಡಿದ್ರೆ ಉಪ್ಪು, ಹುಳಿ, ಖಾರ ಮೂರೂ ಗೊತ್ತಾಗೋದು, ಹುಳಿ ಅನ್ನೋ ಆ ಅಡುಗೆ ಮಾತ್ರ ಬಾಯಲ್ಲಿ ಇರ್ತಿರ್ಲಿಲ್ಲ. ನಾಲಿಗೆಗೆ ಸಿಗೋದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೇಟೊದಲ್ಲಿ ಸಿಗೋ ಥರದ ರುಚಿ) ಅಷ್ಟೇ, ಇಂಗು ಕರಿಬೇವು ಕೊತ್ತಂಬರಿ ಎಲ್ಲಾ ಅಗೀವಾಗ ಗಂಟಲ ಹಿಂದ್ಗಡೆಯಿಂದ ಮೂಗಿಗೆ ಹೋಗೋ ಪರಿಮಳ, ಇದನ್ನ ಬೋರ್ಡ್ ಮೇಲೆ ಎಷ್ಟು ಸಲ ಬರ್ದಿದ್ದೀನೋ. ಒಂದಿನ ಹಾಲು ತಳ ಹಿಡಿದು ಹೊಗೆ ಬಂದಿದ್ರೂ ಪಕ್ಕದಲ್ಲೇ ನಿಂತು ಪಾತ್ರೆ ತೊಳೀತಿದ್ದೆ, ಅತ್ತೆ ಅಂಗಳದಿಂದ ಕೂಗಿದ್ಮೇಲೆ ಗೊತ್ತಾಗಿದ್ದು. ಅವತ್ತು ಭಯ ಆಯ್ತು. ಅಡುಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ, ಸೋರಿದ್ರೆ ಗೊತ್ತಾಗ್ಲಿ ಅಂತ್ಲೇ ಗಂಧಕ ಇರೋ ಒಂದು ರಾಸಾಯನಿಕ ಬೆರೆಸಿರ್ತಾರೆ, ಅದೇ ನಂಗೆ ಸಿಗದಿದ್ರೆ? ಆ ವಾರವೇ ಗ್ಯಾಸ್ ಡಿಟೆಕ್ಟರ್ ತರಿಸಿ ಒಲೆ ಹತ್ರ ಹಾಕಿಸ್ದೆ. ವಾಸನೆ ಹೋದೋರು ಯಾರೇ ಇರ್ಲಿ, ಮೊದ್ಲು ಇದನ್ನ ಮಾಡಿ, ಮಿಕ್ಕಿದ್ದು ಆಮೇಲೆ.

ಇನ್ನೊಂದು ಹೇಳ್ಬೇಕು, ಅದು ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಮಗಳು ರಾತ್ರಿ ಪಕ್ಕ ಮಲಗಿದ್ರೆ ಅವಳ ತಲೆಯ ಪರಿಮಳ ಇಲ್ಲ. ಬೇರೆ ಇಂದ್ರಿಯಗಳ ಸುದ್ದಿ ಥಲಾಮಸ್ ಅನ್ನೋ ಮೆದುಳಿನ ನಡುವಿನ ರವಾನೆ ಕೇಂದ್ರ ದಾಟಿ ಮೆದುಳಿನ ಹೊರಪದರ ಕಾರ್ಟೆಕ್ಸಿಗೆ ಹೋಗುತ್ತೆ, ಮೂಗಿಂದು ಹಾಗಲ್ಲ, ಮೂಗಿನ ಮೇಲ್ಗಡೆ ಮೆದುಳಲ್ಲಿ ವಾಸನೆಯ ಸುದ್ದಿ ಮೊದಲು ಬಂದು ಸೇರೋ ಘ್ರಾಣ ಬಲ್ಬ್‌ನಿಂದ ಭಾವನೆಯ ಅಮಿಗ್ಡಲಾ ಕಡೆಗೆ ನೇರ ದಾರಿ ಇದೆ, ನೆನಪಿನ ಹಿಪೊಕ್ಯಾಂಪಸ್ಸೂ ಅಲ್ಲೇ ಪಕ್ಕ. ಅದಕ್ಕೇ ಇರ್ಬೇಕು, ಸ್ವಂತ ಮನೇಲೇ ಇದ್ದು ಯಾರದೋ ಮನೇಲಿ ಇದ್ದಂಗೆ ಅನ್ಸೋದು.

ಒಂದು ತಿಂಗಳು ಕಾದು ಇಎನ್‌ಟಿ ಡಾಕ್ಟ್ರನ್ನ ನೋಡ್ದೆ. ಮೂಗಲ್ಲಿ ಬೇರೆ ತೊಂದ್ರೆ ಏನೂ ಇಲ್ಲ, ವಾಸನೆಯ ತರಬೇತಿ ಶುರು ಮಾಡಿ ಅಂದ್ರು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಅನ್ನೋರ ತಂಡ 2009ರಲ್ಲಿ ಪ್ರಕಟಿಸಿದ ವಿಧಾನ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನ ದಿನಕ್ಕೆರಡು ಸಲ 12 ವಾರ ಮೂಸಬೇಕು. ಅವರ ಅಧ್ಯಯನದಲ್ಲಿ ತರಬೇತಿ ಮಾಡಿದ ಗುಂಪಲ್ಲಿ ಸುಧಾರಣೆ ಕಂಡಿತ್ತು, ಮಾಡದೇ ಇದ್ದ ಗುಂಪಲ್ಲಿ ಕಾಣ್ಲಿಲ್ಲ. ನಾಲ್ಕೂ ನಮ್ಮ ಮಲೆನಾಡಿನ ಮನೇಲಿ ಕೈಗೆ ಸಿಗೋ ಸಾಮಾನೇ.

ಬಾಟ್ಲಿ ವಿಷಯದಲ್ಲಿ ಒಂದು ಎಚ್ಚರ. ಮೊದ್ಲು ಖಾಲಿ ಅಮೃತಾಂಜನ ಬಾಟ್ಲಿ ತೊಳೆದು ಇಟ್ಟಿದ್ದೆ, ನಮ್ಮ ಯಜಮಾನ್ರು ಮೂಸಿ ಎಲ್ಲಾದ್ರಲ್ಲೂ ಅಮೃತಾಂಜನವೇ ಬರ್ತಿದೆ ಅಂದ್ರು, ಎಸೆದು ಹೊಸ ಗಾಜಿನ ಬಾಟ್ಲಿ ತಂದೆ. ಲವಂಗ ಜಜ್ಜಿ ಹಾಕ್ದೆ, ನಿಂಬೆ ಸಿಪ್ಪೆ ತುರಿದು ಎರಡು ದಿನಕ್ಕೊಂದ್ಸಲ ಬದಲಾಯಿಸ್ದೆ, ನೀಲಗಿರಿ ಎಣ್ಣೆ ಹತ್ತಿ ಮೇಲೆ ಎರಡು ಹನಿ. ಪನ್ನೀರು ತೀರಾ ತೆಳು ಅಂತ ಗ್ರಂಧಿಗೆ ಅಂಗಡಿಯಿಂದ ಗುಲಾಬಿ ಅತ್ತರು ತರಿಸ್ದೆ. ಒಂದೊಂದನ್ನೂ ಹತ್ತು ಹದಿನೈದು ಸೆಕೆಂಡ್ ಸಣ್ಣ ಸಣ್ಣದಾಗಿ ಮೂಸೋದು, ಅರ್ಧ ನಿಮಿಷ ಬಿಟ್ಟು ಮುಂದಿನದು. ಜಾಸ್ತಿ ಹೊತ್ತು ಮೂಸಿದ್ರೆ ಉಪಯೋಗ ಇಲ್ಲ, ಊದುಬತ್ತಿ ಹಚ್ಚಿದ ರೂಮಲ್ಲಿ ಸ್ವಲ್ಪ ಹೊತ್ತಿಗೆ ಪರಿಮಳ ಮರೆತು ಹೋಗಲ್ವ, ಆ ಹೊಂದಾಣಿಕೆಯೇ ಇಲ್ಲೂ ಆಗುತ್ತೆ.

ಮೊದಲ ವಾರವೇ ನೀಲಗಿರಿ ಗೊತ್ತಾಯ್ತು! ಮನೆಯೋರಿಗೆಲ್ಲಾ ಹೇಳ್ದೆ. ಆದ್ರೆ ಮನಸ್ಸಲ್ಲಿ ಒಂದು ಅನುಮಾನ ಉಳೀತು, ಬಾಟ್ಲಿ ಮೇಲಿನ ಚೀಟಿ ಓದಿ ಮೂಸಿದ್ರೆ ಮೆದುಳು ಇಲ್ಲದ ಪರಿಮಳವನ್ನ ತಾನೇ ತುಂಬ್ಕೊಳ್ಳುತ್ತೆ, ನಿರೀಕ್ಷೆ ಗ್ರಹಿಕೆಯನ್ನ ತಿದ್ದುತ್ತೆ ಅಂತ ನಾವೇ ತಾನೆ ಕಲ್ಸೋದು. ಅದಕ್ಕೆ ಮಗಳ ಕೈಲಿ ಪರೀಕ್ಷೆ ಮಾಡಿಸ್ದೆ. ನಾನು ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂರೋದು, ಅವಳು ಒಂದೊಂದನ್ನ ಐದೈದು ಸಲ, ಕ್ರಮ ಕಲೆಸಿ, ಒಟ್ಟು 20 ಸಲ ಕೊಡೋದು. ಬಂದಿದ್ದು 20ಕ್ಕೆ 10. ಸುಮ್ನೆ ಊಹಿಸಿದ್ರೆ 5 ಬರುತ್ತೆ, ಹಾಗಾಗಿ 10 ಅಂದ್ರೆ ಒಳ್ಳೇದೇ ಅನ್ಸುತ್ತೆ. ಬಿಡಿಸಿ ನೋಡಿದ್ರೆ ನೀಲಗಿರಿ 5ಕ್ಕೆ 5, ಉಳಿದ ಮೂರೂ ಸೇರಿ 15ಕ್ಕೆ 5, ಅಂದ್ರೆ ಆ ಮೂರರಲ್ಲಿ ಬರೀ ಊಹೆ.

ನೀಲಗಿರಿ ಯಾಕೆ ಸಿಕ್ತು ಅಂದ್ರೆ ಅದು ವಾಸನೆಯ ನರದಿಂದ ಬಂದಿದ್ದೇ ಅಲ್ಲ. ಮುಖದ ಸ್ಪರ್ಶ, ನೋವು, ಬಿಸಿ, ತಂಪು ನೋಡ್ಕೊಳ್ಳೋದು ಟ್ರೈಜೆಮಿನಲ್ ಅನ್ನೋ ಐದನೇ ಕಪಾಲ ನರ, ನೀಲಗಿರಿ ಎಣ್ಣೆ ಮತ್ತೆ ಮೆಂಥಾಲ್ ಅದರ ತಂಪಿನ ಗ್ರಾಹಕವನ್ನ (ರಿಸೆಪ್ಟರ್, ಅಂದ್ರೆ ಸುದ್ದಿ ಹಿಡಿಯೋ ಅಣು) ಎಬ್ಬಿಸುತ್ತೆ, ಮೆಣಸಿನಕಾಯಿ ಅದರ ಬಿಸಿಯ ಗ್ರಾಹಕವನ್ನ ಎಬ್ಬಿಸುತ್ತೆ. ಹುಳಿಯ ಖಾರ ನಂಗೆ ಉಳಿದಿದ್ದೂ ಇದ್ರಿಂದ್ಲೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡೇವಿಡ್ ಜೂಲಿಯಸ್ ಮತ್ತೆ ಆರ್ಡೆಮ್ ಪಟಪೂಟಿಯನ್ ಅವರಿಗೆ ಈ ಬಿಸಿ ಮತ್ತು ಸ್ಪರ್ಶದ ಗ್ರಾಹಕಗಳ ಕೆಲಸಕ್ಕೆ ನೊಬೆಲ್ ಬಂದಾಗ ಸುದ್ದಿಯನ್ನ ಎರಡೆರಡು ಸಲ ಓದ್ದೆ. ಗುಲಾಬಿಯ ಮುಖ್ಯ ಪರಿಮಳ ಕೊಡೋ ಅಣು ಟ್ರೈಜೆಮಿನಲ್ ನರವನ್ನ ಹೆಚ್ಚುಕಮ್ಮಿ ಮುಟ್ಟೋದೇ ಇಲ್ಲ, ಹಾಗಾಗಿ ಮುಂದೆ ನಾನು ನಂಬಿದ್ದು ಗುಲಾಬಿ ಬಾಟ್ಲಿಯನ್ನ ಮಾತ್ರ. ಜೂನ್‌ನಲ್ಲಿ 5ಕ್ಕೆ 1, ಜುಲೈ ಮಧ್ಯದಲ್ಲಿ 2, ಜುಲೈ ಕೊನೇಲೂ 2.

ಆ ದಿನಗಳಲ್ಲಿ ಬಿಟ್ಟುಬಿಡೋಣ ಅನ್ಸಿತ್ತು. ತಡೆದಿದ್ದು ಒಂದೇ ವಿಷಯ. ನಮ್ಮ ನರಕೋಶಗಳು ಸಾಮಾನ್ಯವಾಗಿ ಸತ್ತರೆ ಹೋದ್ವು, ಮೂಗಿನ ಘ್ರಾಣ ನರಕೋಶಗಳು ಮಾತ್ರ ಜೀವನಪೂರ್ತಿ ಹೊಸದಾಗಿ ಹುಟ್ತಾ ಇರ್ತವೆ. ಕೊರೊನಾ ಮುಖ್ಯವಾಗಿ ಹೊಡೆಯೋದು ಆ ನರಕೋಶಗಳಿಗೆ ಆಸರೆಯಾಗಿರೋ ಕೋಶಗಳನ್ನ, ಆಸರೆ ಹೋದ್ಮೇಲೆ ನರಕೋಶವೂ ಸೊರಗುತ್ತೆ. ಹೊಸದಾಗಿ ಹುಟ್ಟಿದ್ದು ಜರಡಿಯಂಥ ತೆಳು ಮೂಳೆಯ ತೂತಲ್ಲಿ ತನ್ನ ಎಳೆ ತೂರಿಸಿ, ಮೇಲಿರೋ ಘ್ರಾಣ ಬಲ್ಬ್‌ನಲ್ಲಿ ತನ್ನದೇ ಜಾಗ ಹುಡುಕಿ, ಅಲ್ಲಿ ಸಿನಾಪ್ಸ್ (ಕೋಶದಿಂದ ಕೋಶಕ್ಕೆ ಸುದ್ದಿ ದಾಟೋ ಸಂಧಿ) ಕಟ್ಟಿ, ಸುದ್ದಿ ಒಯ್ಯೋ ರಾಸಾಯನಿಕ ಗ್ಲುಟಮೇಟ್ ಬಿಡೋಕೆ ಶುರು ಮಾಡ್ಬೇಕು. ಮನುಷ್ಯರಲ್ಲಿ ಸುಮಾರು 400 ಬಗೆಯ ವಾಸನೆಯ ಗ್ರಾಹಕಗಳಿವೆ, ಒಂದೊಂದು ಬಗೆಗೂ ಬಲ್ಬ್‌ನಲ್ಲಿ ಅದರದೇ ಗೊತ್ತುಪಡಿಸಿದ ಜಾಗ. 'ಗ್ಲುಟಮೇಟ್: ಉತ್ತೇಜಕ ನ್ಯೂರೋಟ್ರಾನ್ಸ್‌ಮಿಟರ್' ಅಂತ ಒಂದು ಸಾಲು ಬರೆಸಿ ಮುಂದೆ ಹೋಗ್ತಿದ್ದ ನಾನು ಆ ಎರಡು ತಿಂಗಳು ಅದನ್ನೇ ಕಾಯ್ತಾ ಕೂತಿದ್ದೆ.

ಆಗಸ್ಟಲ್ಲಿ ವಾಸನೆ ಬಂತು, ತಲೆಕೆಳಗಾಗಿ ಬಂತು. ಈರುಳ್ಳಿ ಒಗ್ಗರಣೆ ಕೊಳೆತ ಮಾಂಸದಂಗೆ, ಕಾಫಿ ಸುಟ್ಟ ರಬ್ಬರ್‌ನಂಗೆ. ಪ್ಯಾರೋಸ್ಮಿಯಾ ಅಂತಾರೆ, ಹೊಸ ಎಳೆಗಳು ಸರಿಯಾದ ಜಾಗ ಸೇರದೇ ಇದ್ರೆ ಹೀಗಾಗ್ಬಹುದು ಅನ್ನೋದು ಒಂದು ವಿವರಣೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇವೇ ತುಂಬಾ ಜನಕ್ಕೆ ಕಾಟ ಕೊಡೋದು, ಇವುಗಳಲ್ಲಿ ಗಂಧಕ ಇರೋ ಅಣುಗಳಿವೆ, ಮೂಗಿಗೆ ಅವು ಚೂರೇ ಚೂರು ಸಾಕು. ಕಾಫಿ ಸೀಮೆಯ ಮನೇಲಿ ಇದೆಂಥಾ ಕಷ್ಟ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೆಳಿಗ್ಗೆ ಡಿಕಾಕ್ಷನ್ ಇಳಿಯೋ ಹೊತ್ತಿಗೆ ನಾನು ವಾಂತಿ ಬಂದು ಹೊರಗೆ ಓಡ್ತಿದ್ದೆ. ಮೂರನೇ ದಿನ ಅತ್ತೆ ಒಂದು ಮಾತೂ ಆಡ್ದೆ ಫಿಲ್ಟರ್, ಪುಡಿ ಡಬ್ಬ, ಒಂದು ಚಿಕ್ಕ ಒಲೆ ತಗೊಂಡು ಹಿತ್ತಲ ಸೌದೆ ಕೊಟ್ಟಿಗೆಗೆ ಹೋದ್ರು, ಮಳೆಗಾಲದ ಚಳೀಲಿ ಅಲ್ಲೇ ಕೂತು ಕುಡಿದು ಬರೋರು. "ಅತ್ತೆ, ಒಳಗೇ ಕುಡೀರಿ, ನಾನು ರೂಮಿಗೆ ಹೋಗ್ತೀನಿ" ಅಂದ್ರೆ, "ಇರ್ಲಿ ಕಣಮ್ಮ, ಅಲ್ಲಿ ಬೆಚ್ಚಗಿರುತ್ತೆ" ಅನ್ನೋರು.

ಕೆಟ್ಟದಾಗಾದ್ರೂ ಬಂತಲ್ಲ, ನರ ಬೆಳೀತಿರೋ ಗುರುತು ಅಂತ ಡಾಕ್ಟ್ರು ಧೈರ್ಯ ಹೇಳಿದ್ರು. ಬಾಟ್ಲಿ ಬಿಡ್ಲಿಲ್ಲ. 12 ವಾರ ಮುಗಿದ್ಮೇಲೂ ಮುಂದುವರಿಸ್ದೆ, ಏಲಕ್ಕಿ, ಪಚ್ಚಕರ್ಪೂರ ಎಲ್ಲಾ ಸೇರಿಸ್ದೆ. ಸೆಪ್ಟೆಂಬರ್ ಕೊನೇಲಿ ಗುಲಾಬಿ 5ಕ್ಕೆ 4 ಆಯ್ತು, ಎರಡು ವಾರ ಬಿಟ್ಟು ಮತ್ತೆ 4. ಆ ರಾತ್ರಿ ಮಗಳ ತಲೆ ಮೂಸ್ದೆ, ಕೊಬ್ಬರಿ ಎಣ್ಣೆ ಮತ್ತೆ ಬೆವರು, ತೆಳ್ಳಗೆ, ಆದ್ರೆ ಅವಳದೇ.

ಈಗ ಕ್ಲಾಸಲ್ಲಿ ಮೂಗಿಗೆ ಪೂರಾ ಎರಡು ಪೀರಿಯಡ್. ಮೂಗು ಹಿಡ್ಕೊಂಡು ಬೇರೆ ಬೇರೆ ಪೆಪ್ಪರ್‌ಮಿಂಟ್ ಚೀಪೋಕೆ ಹೇಳ್ತೀನಿ, ಬರೀ ಸಿಹಿ, ಜೊತೆಗೆ ಒಂದಿಷ್ಟು ಹುಳಿ, ಮೂಗು ಬಿಟ್ಟ ತಕ್ಷಣ ಕಿತ್ತಳೆ, ಅನಾನಸ್ ಅಂತ ಕೂಗ್ತಾರೆ. ಆಮೇಲೆ ನನ್ನ ನೋಟ್‌ಬುಕ್ಕಿನ ಆ 20ಕ್ಕೆ 10ನ್ನ ಬೋರ್ಡ್ ಮೇಲೆ ಬರ್ದು, ಇವರಿಗೆ ವಾಸನೆ ಬಂದಿದೆಯಾ ಹೇಳಿ ಅಂತ ಕೇಳ್ತೀನಿ.

2022ರ ಮಾರ್ಚಲ್ಲಿ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಬಿದ್ದು ತೋಟ ಎಲ್ಲಾ ಬೆಳ್ಳಗಾಯ್ತು. ಬಸ್ ಸ್ಟಾಪಿಗೆ ನಡ್ಕೊಂಡು ಹೋಗುವಾಗ ಮಲ್ಲಿಗೆಯಂಥ ಆ ಕಾಫಿ ಹೂವಿನ ಪರಿಮಳ ಬಂತು, ಸ್ವಲ್ಪವೂ ಕೆಡದೆ. ಹುರಿದ ಬೀಜದ ಆ ಗಂಧಕದ ಅಣುಗಳು ಹೂವಲ್ಲಿ ಇಲ್ಲವಲ್ಲ. ಸಂಜೆ ಮನೆಗೆ ಬಂದು ಸೌದೆ ಕೊಟ್ಟಿಗೆಯಿಂದ ಫಿಲ್ಟರ್ ತಂದು ಅಡುಗೆಮನೇಲಿ ಇಟ್ಟೆ. ಕಾಫಿ ಇನ್ನೂ ಪೂರ್ತಿ ಸರಿ ಆಗಿರ್ಲಿಲ್ಲ, ಸ್ವಲ್ಪ ಸುಟ್ಟ ವಾಸನೆ ಇತ್ತು, ಆದ್ರೂ ತಡ್ಕೋಬಹುದಿತ್ತು. ಮಾರನೇ ದಿನ ಬೆಳಿಗ್ಗೆ ಅತ್ತೆ ಒಳಗೇ ಕೂತು ಕುಡಿದ್ರು.